ಉದಾಹರಣೆ ಎಲ್ಲಿ?

ಎರಡನೇ ಮಹಡಿಯ ತಿರುವಿನಲ್ಲಿ, ಬೆಳಕು ಬರುವ ಕಿಂಡಿಯ ಬಳಿ ನಿಂತು, ಅವಳು ಐದನೇ ಸಲ ಅದನ್ನು ಓದಿದಳು. ಅಣ್ಣನ ಅಭ್ಯಾಸದ ಉತ್ತರಪತ್ರಿಕೆಯ ಅಂಚಿನಲ್ಲಿ ಕೆಂಪು ಶಾಯಿ, ಅವಸರದ ಕೈಬರಹ, ಅಡಿಯಲ್ಲಿ ಎರಡು ಗೆರೆ. ‘ಉದಹರಣೆ ಎಲ್ಲಿ?’ ದಕಾರಕ್ಕೆ ದೀರ್ಘ ಬಿಟ್ಟುಹೋಗಿತ್ತು. ಹದಿಮೂರು ವರ್ಷದಿಂದ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವಳ ಕೈ ತಾನಾಗಿಯೇ ಚೀಲದೊಳಗಿನ ಪೆನ್ನನ್ನು ಹುಡುಕಿತು, ಆಮೇಲೆ ನಾಚಿಕೊಂಡು ಹಿಂದೆ ಬಂತು. ತಪ್ಪು ಹುಡುಕಿದರೆ ಆ ಎರಡು ಪದಗಳಲ್ಲಿ ಸಿಗುವುದು ಅದೊಂದೇ. ಪ್ರಶ್ನೆ ಮಾತ್ರ ನೂರಕ್ಕೆ ನೂರು ಸರಿ. ಅಣ್ಣ ಉದಾಹರಣೆ ಹೇಳಿದ್ದ. ನಿಧಾನವಾಗಿ, ಒಂದೊಂದು ಪದವನ್ನೂ ಬಿಡಿಸಿ ಹೇಳಿದ್ದ. ಬರೆಯದೆ ಬಿಟ್ಟವಳು ಅವಳು. ಕಣ್ಣು ಕಾಣದ ಅಣ್ಣನ ಆಡಳಿತ ಸೇವೆಯ ಪರೀಕ್ಷೆಗೆ ಇನ್ನು ಹನ್ನೊಂದು ದಿನ. ವಯಸ್ಸಿನ ಮಿತಿಯಿಂದಾಗಿ ಅವನಿಗೆ ಇದೇ ಕೊನೆಯ ಅವಕಾಶ. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಡುವ ಕೈ ತನ್ನದು ಎಂದು ಅವಳು ಅರ್ಜಿಯಲ್ಲಿ ಸಹಿ ಹಾಕಿಕೊಟ್ಟಿದ್ದಳು. ಈಗ ಮೇಲೆ ಮನೆಗೆ ಹೋಗಿ ಈ ಎರಡು ಪದಗಳನ್ನು ಅವನಿಗೆ ಓದಿ ಹೇಳಬೇಕು. ಇಲ್ಲವೇ ಓದದೆ ನುಂಗಿಬಿಡಬೇಕು. ನುಂಗಿದರೆ ಯಾರಿಗೂ ಗೊತ್ತಾಗುವುದಿಲ್ಲ, ಅದೇ ಅವಳಿಗೆ ಕಷ್ಟವಾಗಿತ್ತು.

ಆ ಶಾಯಿಯ ಬಣ್ಣವನ್ನು ಅವಳಿಂದಲೇ ಕೇಳಿ ತಿಳಿದು, ಅಣ್ಣ ಅದನ್ನು ಬರೆದವರಿಗೆ ಕೆಂಪು ಮೇಷ್ಟ್ರು ಎಂದು ಹೆಸರಿಟ್ಟಿದ್ದ. ತರಬೇತಿ ಕೇಂದ್ರದಲ್ಲಿ ಅಭ್ಯಾಸದ ಉತ್ತರಗಳನ್ನು ತಿದ್ದುವವರು ಅವರು. ಇದೇ ಪರೀಕ್ಷೆಯ ಕೊನೆಯ ಸುತ್ತಿನವರೆಗೆ ಮೂರು ಸಲ ಹೋಗಿ ಮೂರು ಸಲವೂ ಬರಿಗೈಯಲ್ಲಿ ಬಂದವರು, ಆದ್ದರಿಂದ ಬೇರೆಯವರ ಉತ್ತರದಲ್ಲಿ ಏನು ಕಮ್ಮಿ ಎನ್ನುವುದು ಅವರಿಗೆ ಕಣ್ಣುಮುಚ್ಚಿದರೂ ಹೊಳೆಯುತ್ತಿತ್ತು. ಬೆಳಿಗ್ಗೆ ಎರಡೂ ಪತ್ರಿಕೆಗಳನ್ನು ಅವಳ ಕೈಗಿಟ್ಟು, “ವಿಕಲಚೇತನರ ಕಲ್ಯಾಣದ್ದು ಸೊಗಸಾಗಿದೆ. ಅದೇನ್ ಬಿಡಿ, ಅವರ ಅನುಭವದ ವಿಷಯ,” ಎಂದಿದ್ದರು. “ವನ್ಯಜೀವಿ ಅಪರಾಧದ್ದು ಮಾತ್ರ ಬರೀ ಪುಸ್ತಕದ ಬದನೆಕಾಯಿ. ಪ್ರಾಣಿ ಗೀಣಿ ಅವರು ಹತ್ತಿರದಿಂದ ನೋಡಿರಲ್ಲ ಅಲ್ವಾ, ಪಾಪ.” ಅವಳು ಹೂಂ ಎಂದಿದ್ದಳು. ಹಾಗನ್ನಬಾರದಿತ್ತು ಎಂದು ಹೊಳೆದದ್ದು ಬಸ್ಸಿನಲ್ಲಿ ಕೂತ ಮೇಲೆ. ಅಣ್ಣ ಜೊತೆಯಲ್ಲಿದ್ದ ದಿನವೂ ಮೇಷ್ಟ್ರು ಅವಳನ್ನೇ ಕೇಳುತ್ತಿದ್ದರು, ಅವರಿಗೆ ಚಹಾ ಬೇಕಾ, ಅವರಿಗೆ ಫ್ಯಾನು ಸಾಕಾ ಎಂದು. ಒಮ್ಮೆ ಅವನು, “ನನಗೆ ಕಿವಿ ಇದೆ ಸಾರ್,” ಎಂದು ನಕ್ಕಿದ್ದ. ಅಂದಿನಿಂದ ಮೇಷ್ಟ್ರು ಅವನ ಜೊತೆ ಕಿರುಚಿ ಮಾತಾಡತೊಡಗಿದರು.

ಹತ್ತು ದಿನದ ಹಿಂದೆ ಅವನು ಎರಡೂ ಉತ್ತರಗಳನ್ನು ಒಂದೇ ಮಧ್ಯಾಹ್ನ ಹೇಳಿ ಬರೆಸಿದ್ದ. ಕಿಟಕಿಯಿಂದ ಪುಸ್ತಕದ ಕಪಾಟಿಗೆ ಐದು ಹೆಜ್ಜೆ, ಕಪಾಟಿನಿಂದ ಕಿಟಕಿಗೆ ಐದು. ಆ ಐದು ಹೆಜ್ಜೆಯೊಳಗೆ ಅವನ ಒಂದು ವಾಕ್ಯ ಮುಗಿಯಬೇಕು. ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ, ಎಲ್ಲವನ್ನೂ ಅವನೇ ಬಾಯಲ್ಲಿ ಹೇಳುತ್ತಿದ್ದ, ಯಾಕೆಂದರೆ ಪರೀಕ್ಷೆಯ ಕೊಠಡಿಯಲ್ಲಿ ಬರೆಯುವವರು ತಾವಾಗಿ ಒಂದು ಚುಕ್ಕೆಯನ್ನೂ ಹಾಕುವಂತಿಲ್ಲ. ಊಟಕ್ಕೆ ಕರೆದರೆ “ಬಂದೆ ಪೂರ್ಣವಿರಾಮ” ಎನ್ನುವಷ್ಟು ಅದು ಅವನ ನಾಲಿಗೆಗೆ ಅಂಟಿತ್ತು. “ಕುರುಡರಿಗೆ ತೊಡಕಾಗುವುದು ಕಚೇರಿಯ ಮೆಟ್ಟಿಲಲ್ಲ ಅಲ್ಪವಿರಾಮ ಅಲ್ಲಿನ ಅರ್ಜಿ ನಮೂನೆ ಪೂರ್ಣವಿರಾಮ,” ಎಂದು ಅವನು ಹೇಳಿದರೆ ಅವಳು ‘ದೃಷ್ಟಿ ವಿಶೇಷಚೇತನರಿಗೆ’ ಎಂದು ಬರೆದು, ಓದಿ ಹೇಳುವಾಗ ಮಾತ್ರ ಅವನ ಪದವನ್ನೇ ಹೇಳುತ್ತಿದ್ದಳು. ಮೊದಲ ಸಲ ಹಾಗೆ ಬರೆದಾಗ ಅಳುಕಿದ್ದಳು. ಆಮೇಲೆ ಅಭ್ಯಾಸವಾಯಿತು. ಮುದ್ರಣಾಲಯಕ್ಕೆ ಬರುವ ಸಂಘ ಸಂಸ್ಥೆಗಳ ವರದಿಗಳಲ್ಲಿ ಇಂಥ ಒರಟು ಪದ ಕಂಡರೆ ಗುಂಡಗೆ ಸುತ್ತಿ ಅಂಚಿನಲ್ಲಿ ನಯವಾದದ್ದನ್ನು ಬರೆಯುವುದೇ ಅವಳ ಕೆಲಸ. ಅಲ್ಲಿ ಯಾರೂ ಅವಳನ್ನು ಯಾಕೆ ಎಂದು ಕೇಳುವುದಿಲ್ಲ. ಅಣ್ಣನ ಒಳ್ಳೆಯದಕ್ಕೇ ಅಲ್ಲವೇ ಎಂದುಕೊಳ್ಳುತ್ತಿದ್ದಳು. ಆದರೆ ಆ ಪದವನ್ನು ತನ್ನ ಕೈಯಿಂದ ಬರೆದರೆ ಅವನನ್ನು ತಾನೇ ಹಾಗೆ ಕರೆದಂತಾಗುತ್ತದೆ ಎಂಬ ಭಯ ಒಳಗೆ ಕೂತಿತ್ತು, ಅದನ್ನು ಮಾತ್ರ ಎಂದೂ ಹೇಳಿಕೊಳ್ಳಲಿಲ್ಲ.

ಅದೇ ಉತ್ತರದ ಕೊನೆಯ ಭಾಗಕ್ಕೆ ಬಂದಾಗ ಅವನು ಕಪಾಟಿನ ಹತ್ತಿರ ನಿಂತು, ಸಲೀಸಾಗಿ, ಬೇರೆ ಯಾರದೋ ಮನೆಯ ವಿಷಯ ಎಂಬಂತೆ ಹೇಳಿದ್ದ: “ಅಂಗವೈಕಲ್ಯವನ್ನು ಯಾವುದೋ ಪಾಪದ ಫಲವೆಂದು ಕಾಣುವ ಮನೋಭಾವವೇ ದೊಡ್ಡ ಅಡ್ಡಿ ಅಲ್ಪವಿರಾಮ ಅದು ಶುರುವಾಗುವುದು ಮನೆಯಿಂದ ಪೂರ್ಣವಿರಾಮ.” ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಅಮ್ಮನ ಕತ್ತಿಯ ಸದ್ದು ನಿಂತಿತು. ಒಂದು ಕ್ಷಣ ಬಿಟ್ಟು ನಲ್ಲಿಯ ನೀರು ಜೋರಾಗಿ ಬಿತ್ತು. ಅವಳು ತಲೆ ಎತ್ತದೆ ಬರೆದಳು. ಇಪ್ಪತ್ಮೂರು ವರ್ಷದ ಹಿಂದಿನ ಆ ಆಸ್ಪತ್ರೆಯ ಬೆಂಚು ಹಸಿರು ಬಣ್ಣದ್ದು, ಅದರ ಒಂದು ಹಲಗೆ ಸಡಿಲವಾಗಿತ್ತು, ಅಮ್ಮ ಅತ್ತಾಗಲೆಲ್ಲ ಅದು ಕಿರ್ ಎನ್ನುತ್ತಿತ್ತು. ಡಾಕ್ಟರು ಆಗಷ್ಟೇ ಹೇಳಿದ್ದರು, ಅಣ್ಣನ ಕಣ್ಣು ಐದಾರು ವರ್ಷದಲ್ಲಿ ಪೂರ್ತಿ ಹೋಗುತ್ತದೆ, ಹುಟ್ಟಿನಿಂದಲೇ ಬಂದ ದೋಷ, ಇದಕ್ಕೆ ಔಷಧ ಇಲ್ಲ ಎಂದು. ಹದಿನೈದು ವರ್ಷದ ಅಣ್ಣ ಒಳಗೆ ಇನ್ನೂ ಯಂತ್ರದ ಮುಂದೆ ಗದ್ದ ಊರಿ ಕೂತಿದ್ದ. “ಮೂಕ ಪ್ರಾಣಿಗಳ ಶಾಪ ಕಣೇ,” ಎಂದಳು ಅಮ್ಮ, ಹನ್ನೊಂದು ವರ್ಷದ ಮಗಳಿಗಲ್ಲ, ಎದುರಿನ ಗೋಡೆಗೆ. “ಅವನ್ನ ಹಾಗೆ ಕಟ್ಟಿ ಕಳಿಸಿದ್ದಕ್ಕೆ ಸುಮ್ನೆ ಬಿಡುತ್ತಾ?” ಅವಳು ತನ್ನ ಎರಡೂ ಕೈಗಳನ್ನು ಫ್ರಾಕಿನ ಅಡಿಗೆ ಸೇರಿಸಿ ಅದುಮಿಕೊಂಡಳು. ಕಟ್ಟಿದ ಕೈಗಳು ಅವೇ. ಕಣ್ಣು ಹೋದದ್ದು ಅಣ್ಣನದು. ಈ ಅನ್ಯಾಯವನ್ನು ಯಾರಿಗೂ ಹೇಳದೆ ಅವಳು ಇಪ್ಪತ್ಮೂರು ವರ್ಷ ಹೊತ್ತುಕೊಂಡಿದ್ದಳು. ಮದುವೆಯ ಮಾತು ಬಂದಾಗಲೆಲ್ಲ ಅಣ್ಣನಿಗೆ ಯಾರು ಓದಿ ಹೇಳುತ್ತಾರೆ ಎಂದು ತಳ್ಳಿಹಾಕುತ್ತಿದ್ದಳು. ಜನ ಅದನ್ನು ತ್ಯಾಗ ಎನ್ನುತ್ತಿದ್ದರು, ಅವಳಿಗೆ ಕಿವಿ ಮುಚ್ಚಿಕೊಳ್ಳಬೇಕೆನಿಸುತ್ತಿತ್ತು.

ಆಗ ಅಪ್ಪನದು ಅಕ್ವೇರಿಯಂ ಮೀನಿನ ಅಂಗಡಿ. ಮುಂದೆ ಗಾಜಿನ ತೊಟ್ಟಿಗಳು, ಗುಳ್ಳೆ ಬಿಡುವ ನಳಿಕೆಗಳು, ಹಸಿರು ಬೆಳಕು. ಹಿಂದಿನ ಕೋಣೆಯಲ್ಲಿ, ಒದ್ದೆ ಗೋಣಿಯ ಕೆಳಗೆ, ಮರದ ಪೆಟ್ಟಿಗೆಗಳಲ್ಲಿ ಆಮೆಗಳು. ಅಂಗೈಗಿಂತ ಚಿಕ್ಕವು, ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು. ಅವು ಎಲ್ಲಿಂದಲೋ ಬರುತ್ತಿದ್ದವು, ಸೂಟ್‌ಕೇಸಿನಲ್ಲಿ ಬಟ್ಟೆಯ ಮಡಿಕೆಗಳ ನಡುವೆ ಎಲ್ಲಿಗೋ ಹೋಗುತ್ತಿದ್ದವು. ಆಮೆ ಕಾಲು ಚಾಚಿದರೆ ಸದ್ದಾಗುತ್ತದೆ, ಸದ್ದಾದರೆ ಸಿಕ್ಕಿಬೀಳುತ್ತದೆ. ಆದ್ದರಿಂದ ನಾಲ್ಕೂ ಕಾಲುಗಳನ್ನು ಬೆರಳಿನಿಂದ ಮೆಲ್ಲಗೆ ಒಳಗೆ ತಳ್ಳಿ, ಕಾಲುಚೀಲದೊಳಗೆ ಇಳಿಸಿ, ತಿರುಚಿ, ರಬ್ಬರ್ ಬ್ಯಾಂಡ್ ಹಾಕಬೇಕು. ಅಪ್ಪನ ಬೆರಳು ದಪ್ಪ. ಏಳು ವರ್ಷದ ಅವಳ ಬೆರಳು ಆ ಕೆಲಸಕ್ಕೆಂದೇ ಮಾಡಿದಂತಿದ್ದವು. ಒಳಗೆ ತಳ್ಳುವಾಗ ಆಮೆ ಉಸ್ ಎಂದು ಉಸಿರು ಬಿಡುತ್ತಿತ್ತು. ಅದು ತನ್ನ ಜೊತೆ ಮಾತಾಡುತ್ತಿದೆ ಎಂದುಕೊಂಡು ಅವಳೂ ಉಸ್ ಎನ್ನುತ್ತಿದ್ದಳು. ಒಂದು ಸಲ ಹರಿದ ಕಾಲುಚೀಲದ ತೂತಿನಿಂದ ಒಂದರ ತಲೆ ಹೊರಗೆ ಬಂದಾಗ ಬಿದ್ದು ಬಿದ್ದು ನಕ್ಕಿದ್ದಳು, ಅಪ್ಪನೂ ನಕ್ಕಿದ್ದ. ಅವಳನ್ನು ಇವತ್ತಿಗೂ ಹಿಂಡುವುದು ಆ ನಗು. ಹೆದರಿಸಿ ಮಾಡಿಸಿದ್ದರೆ ಅಪ್ಪನ ಮೇಲೆ ಹಾಕಬಹುದಿತ್ತು.

ಹತ್ತು ದಿನದ ಹಿಂದಿನ ಆ ಮಧ್ಯಾಹ್ನ, ಎರಡನೇ ಉತ್ತರಕ್ಕೆ ಬಂದಾಗ, ಅಣ್ಣ ಮೊದಲು ಕಾನೂನು ಹೇಳಿದ, ಗಡಿ ದಾಟುವ ಜಾಲ ಹೇಳಿದ, ಕೊಳ್ಳುವವರು ಇರುವವರೆಗೆ ಹಿಡಿಯುವವರೂ ಇರುತ್ತಾರೆ ಎಂದ. ಅವಳು ಸರಾಗವಾಗಿ ಬರೆಯುತ್ತಿದ್ದಳು. ಆಮೇಲೆ ಅವನು ಕಿಟಕಿಯ ಹತ್ತಿರ ನಿಂತುಬಿಟ್ಟ. ಹೆಜ್ಜೆ ಹಾಕದೆ ಅವನು ವಾಕ್ಯ ಹೇಳಿದ್ದು ಅದೇ ಮೊದಲು. “ಹೊಸ ಪ್ಯಾರಾ. ಉದಾಹರಣೆಗೆ ಅಲ್ಪವಿರಾಮ ಒಂದು ಮನೆಯಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಆಮೆಗಳನ್ನು ಕಾಲುಚೀಲಗಳಿಗೆ ತುಂಬುತ್ತಿದ್ದಳು ಪೂರ್ಣವಿರಾಮ.” ಪೆನ್ನಿನ ಮೊನೆ ‘ಉದಾಹರಣೆಗೆ’ಯ ಮೊದಲ ಅಕ್ಷರದ ಮೇಲೆ ನಿಂತಿತು. ಕಿವಿ ಗುಂಯ್ ಎಂದಿತು. ಅವನು ಮುಂದೆ ಇನ್ನೂ ಏನೋ ಹೇಳುತ್ತಿದ್ದ. ದನಿ ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಬರೆಯುವ ಸದ್ದು ಅವನಿಗೆ ಕೇಳಿಸಬೇಕು, ಇಲ್ಲದಿದ್ದರೆ ಅನುಮಾನ ಬರುತ್ತದೆ. ಅವಳು ‘ಉ’ವನ್ನು ಹೊಡೆದು ಹಾಕಿ ಅದರ ಪಕ್ಕ, ಯಾವುದೋ ವರದಿಯ ಕರಡಿನಲ್ಲಿ ಎಂದೋ ತಿದ್ದಿದ್ದ ವಾಕ್ಯವೊಂದನ್ನು ಇಳಿಸಿದಳು: ‘ಇಂಥ ಕೃತ್ಯಗಳಲ್ಲಿ ಕೆಲವೆಡೆ ಅಪ್ರಾಪ್ತ ವಯಸ್ಕರನ್ನೂ ಬಳಸಿಕೊಳ್ಳಲಾಗುತ್ತಿರುವುದು ಕಳವಳಕಾರಿ ಸಂಗತಿಯಾಗಿದೆ.’ ವಾಕ್ಯ ಎಷ್ಟು ಉದ್ದವಿತ್ತೆಂದರೆ ಅದು ಮುಗಿಯುವಷ್ಟರಲ್ಲಿ ಅವನ ಮಾತೂ ಮುಗಿದಿತ್ತು. ಪ್ರತಿ ಸಲ ಬರೆದದ್ದನ್ನು ಓದಿಸಿ ಕೇಳುವವನು ಆ ದಿನ, “ಓದೋದು ಬೇಡ, ಸಾಕು,” ಎಂದು ಮುಖ ತೊಳೆಯಲು ಹೋದ. ಬಚಾವಾದೆ ಎಂದುಕೊಂಡಳು.

ಅಂದಿನಿಂದ ಅವನು ಒಂಥರಾ ಇದ್ದ. ಊಟದ ನಡುವೆ ಕೈ ನಿಲ್ಲಿಸಿ, “ಪುಟ್ಟಿ, ಏನಾದ್ರೂ ಹೇಳ್ಬೇಕಾ ನನ್ನ ಹತ್ರ?” ಎನ್ನುತ್ತಿದ್ದ. ಮೂವತ್ತನಾಲ್ಕು ವರ್ಷದವಳನ್ನು ಪುಟ್ಟಿ ಎಂದು ಕರೆಯಲು ಅವನೊಬ್ಬನಿಗೇ ಅಧಿಕಾರ. ಅವಳು ಇಲ್ಲ ಎನ್ನುತ್ತಿದ್ದಳು. ಬಸ್ಸಿನಲ್ಲಿ ಅವಳ ಭುಜದ ಮೇಲೆ ಇಡುತ್ತಿದ್ದ ಕೈಯನ್ನು ಈಗ ಸರಳಿನ ಮೇಲೆ ಇಡುತ್ತಿದ್ದ. ಒಂದು ದಿನ, “ಬೈಯ್ಯೋದಿದ್ರೆ ಬೈದ್ಬಿಡು,” ಎಂದೂ ಅಂದ. ಪರೀಕ್ಷೆಯ ಹೆದರಿಕೆ ಇರಬೇಕು ಎಂದು ಅವಳು, ಪಾಪ, ರಾತ್ರಿಯ ಹಾಲಿಗೆ ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿ ಕೊಡುತ್ತಿದ್ದಳು.

ಮೂರನೇ ಮಹಡಿ ಬಂತು. ಬೀಗದ ಕೈ ಚೀಲದಲ್ಲಿ ಸಿಗಲಿಲ್ಲ, ಸಿಕ್ಕರೂ ತಿರುಗಲಿಲ್ಲ, ಅಷ್ಟರಲ್ಲಿ ಒಳಗಿನಿಂದಲೇ ಬಾಗಿಲು ತೆರೆಯಿತು. “ಎರಡನೇ ಮಹಡಿಲಿ ಅಷ್ಟು ಹೊತ್ತು ಯಾಕೆ ನಿಂತಿದ್ದೆ?” ಎಂದ ಅಣ್ಣ. ಅವನ ಕಿವಿಯಿಂದ ತಪ್ಪಿಸಿಕೊಳ್ಳುವುದು ಆ ಕಟ್ಟಡದಲ್ಲಿ ಬೆಕ್ಕಿಗೂ ಆಗದ ಕೆಲಸ. “ಚಪ್ಪಲಿ ಪಟ್ಟಿ ಬಿಟ್ಟಿತ್ತು,” ಎಂದಳು. ಸುಳ್ಳು ಇಷ್ಟು ಹಗುರವಾಗಿ ಬರುತ್ತದಲ್ಲ ಎಂದು ತನಗೇ ಹೇಸಿಗೆಯಾಯಿತು. ಅಮ್ಮ ಹೊಸ್ತಿಲ ಬಳಿ ಮೊರದಲ್ಲಿ ಬೀನ್ಸ್ ನಾರು ತೆಗೆಯುತ್ತಿದ್ದಳು. “ಎಷ್ಟು ಬಂತೇ?” ಎಂದು ಕೇಳಿದಳು, ತರಕಾರಿಯ ಬೆಲೆ ಕೇಳುವ ದನಿಯಲ್ಲೇ. ಅಣ್ಣ ಹೋಗಿ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತು ಎರಡೂ ಅಂಗೈಗಳನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡ. ಅಚ್ಚಾದದ್ದನ್ನು ಅವನ ಫೋನು ಓದಿ ಹೇಳುತ್ತದೆ. ಕೈಬರಹ ಅದಕ್ಕೆ ಬರುವುದಿಲ್ಲ, ಅದಕ್ಕೆ ಅವಳೇ ಬೇಕು.

“ಮೊದಲನೇದಕ್ಕೆ ಇಪ್ಪತ್ತಕ್ಕೆ ಹದಿನಾಲ್ಕು,” ಎಂದು ಶುರುಮಾಡಿದಳು. “‘ವಿಷಯದ ಹಿಡಿತ ಚೆನ್ನಾಗಿದೆ. ಪದಬಳಕೆಯಲ್ಲಿ ಘನತೆ ಇದೆ. ವಿಶೇಷಚೇತನ ಎಂಬ ಪದವನ್ನೇ ಉದ್ದಕ್ಕೂ ಉಳಿಸಿಕೊಂಡಿರುವುದು ಮೆಚ್ಚುವಂಥದ್ದು.’” ಓದಿ ಮುಗಿಸಿದ ಮೇಲೆ ತಾನು ಓದಿದ್ದು ಏನು ಎಂದು ಅವಳಿಗೆ ಅರಿವಾಯಿತು. ಎರಡನೇ ಪತ್ರಿಕೆಯ ಭಯದಲ್ಲಿ ಮೊದಲನೆಯದರ ಮುಳ್ಳನ್ನು ನೋಡಿಯೇ ಇರಲಿಲ್ಲ.

ಅಣ್ಣ ತಲೆ ಸ್ವಲ್ಪ ಓರೆ ಮಾಡಿದ. “ನಾನು ಕುರುಡ ಅಂದಿದ್ದೆ.”

“ಪರೀಕ್ಷೇಲಿ ಹಾಗೆ ಬರೆಯೋಕಾಗಲ್ಲ ಅಣ್ಣ.”

“ಎಷ್ಟು ದಿನದಿಂದ?”

ಅವನು ನಗುತ್ತಾನೇನೋ ಎಂದು ಕಾದಳು, ಅವನು ನಕ್ಕ ಕೂಡ, ಆದರೆ ಅದು ಬಸ್ಸಿನಲ್ಲಿ ಯಾರೋ ಕೇಳದೆಯೇ ತೋಳು ಹಿಡಿದು ಕೂರಿಸಿದಾಗ ಅವನು ನಗುವ ನಗು. ಆ ನಗು ತನ್ನ ಪಾಲಿಗೂ ಬರುತ್ತದೆಂದು ಅವಳು ಅಂದುಕೊಂಡಿರಲಿಲ್ಲ. “ಹೋಗ್ಲಿ,” ಎಂದ. “ಎರಡನೇದು?”

“ಏಳು.”

“ಏನ್ ಬರ್ದಿದಾರೆ?”

“ಪರವಾಗಿಲ್ಲ ಅಂತ. ಇನ್ನೂ ಓದ್ಬೇಕು ಅಂತ.” ಕಾಗದ ಕೈಯಲ್ಲೇ ಇತ್ತು. ಕೆಂಪು ಅಕ್ಷರದ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿದ್ದಳು, ಅವನು ನೋಡಿಬಿಟ್ಟಾನು ಎಂಬಂತೆ. ಆಮೇಲೆ ಅದನ್ನು ಗಮನಿಸಿ ಬೆರಳು ತೆಗೆದಳು.

“ಅಷ್ಟೇನಾ? ಉದಾಹರಣೆ ಬಗ್ಗೆ ಏನೂ ಅಂದಿಲ್ವಾ?” ಅವನ ದನಿಯಲ್ಲಿ ಅಂಕದ ಆಸೆ ಇರಲಿಲ್ಲ, ಬೇರೆ ಏನೋ ಇತ್ತು, ಹತ್ತು ದಿನದಿಂದ ಊಟದ ನಡುವೆ ಕೈ ನಿಲ್ಲಿಸಿ ಕೇಳುತ್ತಿದ್ದನಲ್ಲ, ಅದೇ. ಒಂದು ಒಳ್ಳೆಯ ಮಾತು ಕಟ್ಟಿ ಹೇಳಿಬಿಡಬಹುದಿತ್ತು. ಉದಾಹರಣೆ ಮನಮುಟ್ಟುವಂತಿದೆ ಎಂದು ಬರೆದಿದ್ದಾರೆ ಎಂದರೆ ಸಾಕಿತ್ತು. ವಾಕ್ಯ ಬಾಯಿಗೆ ಬಂದೂ ಇತ್ತು. ಅವನ ಅಂಗೈಗಳು ಮೊಣಕಾಲಿನ ಮೇಲೆ ಮೇಲ್ಮುಖವಾಗಿ ತೆರೆದುಕೊಂಡಿದ್ದವು, ಯಾರಾದರೂ ಏನನ್ನಾದರೂ ಇಡಲಿ ಎನ್ನುವ ಹಾಗೆ. ಅವಳಿಂದ ಆಗಲಿಲ್ಲ.

“ಉದಾಹರಣೆ ಎಲ್ಲಿ ಅಂತ ಕೇಳಿದಾರೆ,” ಎಂದಳು. “ನಾನು ಬರೀಲಿಲ್ಲ ಅಣ್ಣ. ಬಿಟ್ಬಿಟ್ಟೆ.”

ಅಮ್ಮನ ಮೊರದಲ್ಲಿ ಬೀನ್ಸ್ ಮುರಿಯುವ ಸದ್ದು ಮಾತ್ರ ಕೇಳುತ್ತಿತ್ತು. “ನಾಲ್ಕು ವಾಕ್ಯ ಹೇಳಿದ್ದೆ,” ಎಂದ ಅಣ್ಣ ಕೊನೆಗೆ. “ನಾಲ್ಕೂ ಬಿಟ್ಯಾ?”

“ಹೂಂ.”

“ಕೊನೇ ಎರಡು ಏನಿತ್ತು ಹೇಳು.”

ಅವಳು ನೆನಪಿನಲ್ಲಿ ತಡಕಾಡಿದಳು. ಕಿಟಕಿ ಇತ್ತು, ಅವನ ಬೆನ್ನಿತ್ತು, ಕಳವಳಕಾರಿ ಸಂಗತಿಯಾಗಿದೆ ಎಂಬ ತನ್ನದೇ ಅಕ್ಷರಗಳ ಸಾಲಿತ್ತು. “ಗೊತ್ತಿಲ್ಲ,” ಎಂದಳು. “ಮೊದಲನೇದು ಕೇಳಿದ ಮೇಲೆ ನಂಗೆ ಏನೂ ಕೇಳಿಸ್ಲಿಲ್ಲ.”

“ಕೇಳಿಸ್ಲೇ ಇಲ್ವಾ?” ಅವನು ಎದ್ದು ನಿಂತ. “ಹತ್ತು ದಿನದಿಂದ ನಾನು, ನೀನು ಕೇಳಿ ಸುಮ್ನಿದೀಯ ಅಂದ್ಕೊಂಡಿದ್ದೆ.” ಅಷ್ಟು ಹೇಳಿ ಕಪಾಟಿನ ಕಡೆ ಹೊರಟವನು ಕುರ್ಚಿಗೆ ಎಡವಿದ. ತನ್ನ ಮನೆಯಲ್ಲಿ, ತಾನೇ ಇಟ್ಟ ಕುರ್ಚಿಗೆ. ಅವಳು ಹಿಡಿಯಲು ಕೈ ಚಾಚಿದಳು, ಅದನ್ನು ಅವನು ಹೇಗೋ ತಿಳಿದು, “ಬೇಡ,” ಎಂದ.

ಕಪಾಟು ಹಿಡಿದು ನಿಂತೇ ಅವನು ಹೇಳಿದ, ಸಿಟ್ಟಿಲ್ಲದೆ, ಅದೇ ಅವಳಿಗೆ ಹೆಚ್ಚು ತಾಗಿತು: “ನಾಳೆ ಅರ್ಜಿ ಬದಲಾಯಿಸೋಣ. ಬರೆಯೋಕೆ ಪರೀಕ್ಷೆಯವರೇ ಯಾರನ್ನಾದ್ರೂ ಕೊಡ್ತಾರಂತೆ. ಗೊತ್ತಿಲ್ಲದೋರು ಆದ್ರೆ ಹೇಳಿದ್ದು ಬರೀತಾರೆ, ಅಷ್ಟೇ. ನನ್ನನ್ನ ಕಾಪಾಡೋಕೆ ಹೋಗಲ್ಲ.”

“ನಿನ್ನನ್ನ ಕಾಪಾಡೋಕಲ್ಲ,” ಎಂದಳು ಅವಳು. ಹೇಳಬಾರದೆಂದು ಇಪ್ಪತ್ಮೂರು ವರ್ಷ ಹಲ್ಲು ಕಚ್ಚಿದ್ದು ಅಷ್ಟು ಸುಲಭವಾಗಿ ಹೊರಗೆ ಬಂತು. “ಕಟ್ಟಿದ್ದು ನನ್ನ ಕೈ ಅಣ್ಣ. ಶಾಪ ತಟ್ಟಿದ್ದು ನಿಂಗೆ. ಅದನ್ನ ನನ್ನ ಕೈಯಿಂದಾನೇ ಹೇಗೆ ಬರೀಲಿ?”

ಅಮ್ಮ ಮೊರವನ್ನು ಕೆಳಗಿಟ್ಟಳು. “ನಾನು ಯಾವತ್ತೋ ಒಂದು ಮಾತು ಅಂದಿದ್ದು,” ಎಂದು ಏನೋ ಹೇಳಲು ಹೋಗಿ ಮುಗಿಸಲಾರದೆ, ನಾರು ತೆಗೆದ ಬೀನ್ಸನ್ನೇ ಮತ್ತೆ ಕೈಗೆತ್ತಿಕೊಂಡು ಅದರಲ್ಲಿ ಇಲ್ಲದ ನಾರನ್ನು ಹುಡುಕತೊಡಗಿದಳು. ಅಣ್ಣ ಅವಳ ಕಡೆಗೂ ತಿರುಗಲಿಲ್ಲ, ತಂಗಿಯ ಕಡೆಗೂ ತಿರುಗಲಿಲ್ಲ. ಅವನ ಹಣೆ ಕಪಾಟಿನ ಅಂಚಿಗೆ ತಾಗಿತ್ತು. “ಶಾಪ ಅಂತೆ,” ಎಂದ. ಆಮೇಲೆ, “ಕಾಗದ ತಗೋ,” ಎಂದ. “ಈಗ?” ಎಂದಳು. “ಈಗ್ಲೇ. ಒಂದು ಪದಾನೂ ಮುಟ್ಬೇಡ.”

ಅವಳು ಕಾಗದ ತೆಗೆದುಕೊಂಡು ಕೂತಳು. ಅಂಚಿಗೆ ಗೆರೆ ಎಳೆದಳು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಳು. ಅವನು ಹೇಳತೊಡಗಿದ, ಮೊದಲ ವಾಕ್ಯ ಅದೇ, ಏಳು ವರ್ಷದ ಹುಡುಗಿ, ಆಮೆಗಳು, ಕಾಲುಚೀಲಗಳು. ಬರೆದಳು. ಬರೆಯಲು ಅಷ್ಟೇನೂ ಕಷ್ಟವಾಗಲಿಲ್ಲ, ಎಲ್ಲ ಪದಗಳೂ ದಿನಬಳಕೆಯವೇ. ಎರಡನೇ ವಾಕ್ಯದಲ್ಲಿ ಅವನು, ಮೊದಲು ಆ ಕೆಲಸವನ್ನು ಮನೆಯ ಗಂಡುಮಗನಿಗೆ ಹೇಳಲಾಗಿತ್ತು ಎಂದ. ಅವಳು ತಲೆ ಎತ್ತಿದಳು. ಹಾಗಿತ್ತೇ? ಹಿಂದಿನ ಕೋಣೆಯಲ್ಲಿ ತನಗಿಂತ ಮೊದಲು ಅವನು ಕೂತಿದ್ದನೇ? ಅವಳ ನೆನಪು ಶುರುವಾಗುವುದು ತಾನು ಕೂತಲ್ಲಿಂದ. “ಬರೀತಿಲ್ಲ ನೀನು,” ಎಂದ ಅವನು. ಬರೆದಳು. ಮೂರನೆಯದನ್ನು ಹೇಳುವ ಮೊದಲು ಅವನು ಎಷ್ಟು ಹೊತ್ತು ತೆಗೆದುಕೊಂಡನೆಂದರೆ ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರನ್ನು ನಾಲ್ಕೈದು ಸಲ ಒದ್ದು, ಅದು ಕೊನೆಗೆ ಹೊತ್ತಿಕೊಂಡು, ತಿರುವು ದಾಟಿ ಹೋದದ್ದೆಲ್ಲ ಕೇಳಿಸಿತು. ಆಮೇಲೆ ಅವನು ಮೂರನೆಯದನ್ನೂ ನಾಲ್ಕನೆಯದನ್ನೂ ಒಟ್ಟಿಗೆ ಹೇಳಿದ, ನಡುವೆ ಉಸಿರು ತೆಗೆದುಕೊಳ್ಳದೆ. ಅವಳ ಪೆನ್ನು ಹಿಂದೆ ಬಿದ್ದಿತು, ಓಡಿತು, ಸೇರಿಕೊಂಡಿತು.

“ಬರೆದ್ಯಾ?”

“ಬರೆದೆ.”

“ಓದು.”

ಅವಳು ಮೊದಲಿನಿಂದ ಓದಿದಳು, ಮುದ್ರಣಾಲಯದಲ್ಲಿ ಕರಡನ್ನು ಗಟ್ಟಿಯಾಗಿ ಓದುವ ದನಿಯಲ್ಲಿ, ಯಾವ ಪದಕ್ಕೂ ಹೆಚ್ಚು ಒತ್ತು ಕೊಡದೆ. “ಉದಾಹರಣೆಗೆ, ಒಂದು ಮನೆಯಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಆಮೆಗಳನ್ನು ಕಾಲುಚೀಲಗಳಿಗೆ ತುಂಬುತ್ತಿದ್ದಳು. ಮೊದಲು ಆ ಕೆಲಸವನ್ನು ಮನೆಯ ಗಂಡುಮಗನಿಗೆ ಹೇಳಲಾಗಿತ್ತು. ಆಟಕ್ಕೆ ಹೋಗುವ ಆಸೆಗೆ, ನನಗಿಂತ ಇವಳ ಕೈ ಚಿಕ್ಕದು ಎಂದು ತಂಗಿಯ ಕೈಯನ್ನು ಹಿಡಿದು ತಂದೆಗೆ ತೋರಿಸಿಕೊಟ್ಟವನು ಅವಳ ಅಣ್ಣ.” ಅಲ್ಲಿ ದನಿ ನಿಂತಿತು. ಅವನು ಕಾಯುತ್ತಿದ್ದ. ಹೊಸ್ತಿಲಲ್ಲಿ ಅಮ್ಮನ ಕೈಯೂ ನಿಂತಿತ್ತು. ಅವಳು ಸಾಲಿನ ಮೇಲೆ ಬೆರಳಿಟ್ಟು, ಉಳಿದದ್ದನ್ನೂ ಇದ್ದ ಹಾಗೇ ಓದಿದಳು:

“ಆಗ ಅವನಿಗೆ ಕಣ್ಣು ಚೆನ್ನಾಗಿ ಕಾಣುತ್ತಿತ್ತು.”

“ಸರಿಯಾಗಿದೆ,” ಎಂದ ಅಣ್ಣ.